ಸಾಕಮ್ಮ ಎಳೆಯದ ಗೆರೆ

ಮಂಡಕಳ್ಳಿ ಕಡೆಯ ಬಡಾವಣೆಯಲ್ಲಿ ಮಹದೇವು ಮನೆ ಕಟ್ಟಿ ಇಪ್ಪತ್ತೆರಡು ವರ್ಷವಾಗಿತ್ತು. ಗೋಡೆ ಏಳುವ ಹೊತ್ತಿಗೆ, ‘ನೀರು ಹೊಡೆಯೋಕೆ ನಂಬಿಕಸ್ತರು ಬೇಕು, ನೀನೇ ಬಾ ಅಕ್ಕ’ ಎಂದು ಅವನು ಊರಿಂದ ಅಕ್ಕ ಸಾಕಮ್ಮನನ್ನು ಕರೆಸಿಕೊಂಡಿದ್ದ. ಅವಳ ಗಂಡ ತೀರಿಕೊಂಡು ವರ್ಷ ತುಂಬಿತ್ತು, ಮಕ್ಕಳಿರಲಿಲ್ಲ. ಬಂದವಳು ಬೆಳಿಗ್ಗೆ ಸಂಜೆ ಒಂದೊಂದು ಇಟ್ಟಿಗೆಯೂ ನೆನೆಯುವ ಹಾಗೆ ನೀರು ಹೊಡೆದಳು. ಸಿಮೆಂಟು ಮೂಟೆ ಪೇರಿಸಿದ್ದ ಸಣ್ಣ ಕೋಣೆಯ ಮೂಲೆಯಲ್ಲಿ ಮಲಗಿದಳು. ಮೂಟೆ ಖಾಲಿಯಾದವು, ಮನೆ ಒಕ್ಕಲಾಯಿತು, ಮಹದೇವು ಹೆಂಡತಿ ಕಮಲಳಿಗೆ ಹೆರಿಗೆಯಾಗಿ ಸಿಂಚನ ಹುಟ್ಟಿದಳು. ಸಾಕಮ್ಮ ಆ ಕೋಣೆಯಲ್ಲೇ ಉಳಿದಳು.

ಈಗ ಸಿಂಚನಳಿಗೆ ಗಂಡು ಗೊತ್ತಾಗಿತ್ತು. ಬೀಗರು ಬಂದು ಹೋಗುವ ಮನೆ ಹೀಗಿದ್ದರೆ ಆಗದು ಎಂದು ಕಮಲ ಹಟ ಹಿಡಿದಳು. ಚಾಮರಾಜಪುರಂನಿಂದ ಸಮನ್ವಿತಾ ಎಂಬ ಹುಡುಗಿ ಬಂದು ಕೋಣೆ ಕೋಣೆಯನ್ನೂ ಅಳೆದು ಪ್ಲಾನು ಬರೆದುಕೊಟ್ಟಳು. ಒಂದು ಮಧ್ಯಾಹ್ನ ಕಮಲ ಬಣ್ಣದ ಪುಸ್ತಕ ತಂದು ಸಾಕಮ್ಮನ ಮಡಿಲಲ್ಲಿಟ್ಟು, “ನಿಮಗ್ಯಾವ ಬಣ್ಣ ಇಷ್ಟ, ನೋಡ್ರಕ್ಕ” ಅಂದಿದ್ದಳು. ತನ್ನನ್ನೂ ಕೇಳಿದರಲ್ಲ ಎಂದು ಸಾಕಮ್ಮ ಹಿಗ್ಗಿದಳು. ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ಹುಡುಕಿ, ಮೊಳೆತು ವಾರವಾದ ರಾಗಿ ಪೈರಿನ ಹಸಿರನ್ನು ಬೆರಳಿಟ್ಟು ತೋರಿಸಿದಳು.

ಸಮನ್ವಿತಾಳದು ಒಂದು ಕ್ರಮ. ಮಂಚ, ಮೇಜು, ಬೀರು ಎಲ್ಲೆಲ್ಲಿ ಬರುತ್ತವೋ ಅಲ್ಲೆಲ್ಲ ನೆಲದ ಮೇಲೆ ಅದದೇ ಅಳತೆಗೆ ಗೆರೆ ಹಾಕಿಸಬೇಕು, ಮನೆಯವರು ಓಡಾಡಿ ನೋಡಬೇಕು. ಅದು ಆಗದೆ ಗೋಡೆಗೆ ಉಳಿ ಮುಟ್ಟಿಸುವ ಹಾಗಿಲ್ಲ. ಅದೇ ಬೀದಿಯ ಗಾರೆ ಕೆಲಸದ ರೇವಣಸಿದ್ದ ಸೋಮವಾರ ಬೆಳಿಗ್ಗೆ ಟೇಪು, ಪ್ಲಾನು ಹಿಡಿದುಕೊಂಡು ಬಂದವನು ಸಾಕಮ್ಮನನ್ನೇ ಕರೆದ.

“ಅಕ್ಕಾ, ಅಳೆಯೋದು ನಾನು, ಗೆರೆ ನೀವು. ನಿಮ್ಮ ರಂಗೋಲಿ ದಿನಾ ನೋಡ್ತೀನಲ್ಲ. ನಂದಾದ್ರೆ ಹಾವು ಹರಿದಂಗಾಗ್ತದೆ.”

“ಕೂಲಿ ಕೊಡ್ತೀಯೇನಪ್ಪ?”

“ಕಾಫಿ ನೀವೇ ಮಾಡ್ಕೊಟ್ರೆ ನಾನೇ ಕುಡೀತೀನಿ, ಬುಡಿ.”

ನಗುತ್ತಲೇ ಸಾಕಮ್ಮ ರಂಗೋಲಿ ಡಬ್ಬಿ ತಂದಳು. ಪ್ಲಾನಿನಲ್ಲಿದ್ದ ಇಂಗ್ಲಿಷ್ ಅವಳಿಗೆ ತಿಳಿಯದು, ಗೆರೆ ತಿಳಿಯುತ್ತಿತ್ತು. ಎರಡು ದಿಂಬು ಬರೆದಿದ್ದರೆ ಮಂಚ, ಸುತ್ತ ಪುಟ್ಟ ಚೌಕಗಳಿದ್ದರೆ ಊಟದ ಮೇಜು. ಮಹದೇವು ಕೋಣೆಯ ಮಂಚ ಬರೆದಳು. ಸಿಂಚನಳ ಮಂಚ ಬರೆದಳು. ಬೀಗರಿಗೆಂದು ಇಟ್ಟ ಕೋಣೆಯಲ್ಲಿ ದೊಡ್ಡ ಮಂಚ ಬರೆದಳು. ಸೊಂಟ ಹಿಡಿದುಕೊಂಡಿತು, ಗೆರೆ ಮಾತ್ರ ಅಲುಗಲಿಲ್ಲ. ಅಡುಗೆಮನೆ ದಾಟಿ ತನ್ನ ಕೋಣೆಯ ಬಾಗಿಲಿಗೆ ಬಂದು ಪ್ಲಾನು ನೋಡಿದಳು. ಅಲ್ಲಿ ದಿಂಬುಗಳಿರಲಿಲ್ಲ. ಉದ್ದನೆಯ ಮೇಜು, ಸುತ್ತ ಆರು ಚೌಕ. ಅಡುಗೆಮನೆಗೂ ಅದಕ್ಕೂ ನಡುವೆ ಗೋಡೆಯೇ ಇರಲಿಲ್ಲ.

ಹಾಳೆಯನ್ನು ತಲೆಕೆಳಗು ಹಿಡಿದೆನೇನೋ ಎಂದು ತಿರುಗಿಸಿದಳು.

“ರೇವಣ್ಣ, ನನ್ನ ಮಂಚ ಎಲ್ಲಪ್ಪ?”

ರೇವಣಸಿದ್ದ ಟೇಪನ್ನು ಸರ್ರನೆ ಒಳಗೆಳೆದುಕೊಂಡ. “ಅಣ್ಣೋರು ಹೇಳಿಲ್ವಾ ಅಕ್ಕ?”

“ಏನನ್ನ?”

ಅವನು ಬಾಗಿಲ ಕಡೆ ನೋಡತೊಡಗಿದ.

ಸಾಕಮ್ಮನಿಗೆ ಆಗ ಹೋದ ವಾರದ ಫೋನು ನೆನಪಾಯಿತು. ಊರಿಂದ ದಾಯಾದಿ ಅಣ್ಣನ ಮಗ ನಂಜುಂಡಸ್ವಾಮಿ ಮಾಡಿದ್ದ. ಮಾತಿನ ನಡುವೆ, “ಅತ್ತೆ, ನಿಂಗೆ ಮಂಚ ಆಗಬೇಕಾ, ಚಾಪೇನೇ ಸಾಕಾ?” ಎಂದು ಕೇಳಿದ್ದ. ತಮಾಷೆಯೆಂದುಕೊಂಡು, “ಪಲ್ಲಕ್ಕಿ ಬೇಕು ಕಣೋ” ಅಂದಿದ್ದಳು. ಅವನೂ ನಕ್ಕಿದ್ದ. ಊರಿಗೆ ಊರೇ ತಿಳಿದುಕೊಂಡು ಕೂತಿತ್ತು.

ಮಹದೇವು ಊಟಕ್ಕೆ ಬಂದ. ಅಕ್ಕ ಕೋಣೆಯ ಹೊಸ್ತಿಲ ಮೇಲೆ ಪ್ಲಾನು ಹಿಡಿದು ಕೂತಿದ್ದುದನ್ನು ಕಂಡು ಅಲ್ಲೇ ನಿಂತ. ಹಿಂದೆ ಕಮಲ ಬಂದಳು.

“ಅಕ್ಕ, ನಿಂಗೆ ಹೇಳ್ಬೇಕು ಅಂತಲೇ ಇದ್ದೆ.”

“ಯಾವಾಗ್ಲೋ? ಗೋಡೆ ಬಿದ್ದ ಮೇಲಾ?”

“ಊರಲ್ಲಿ ನಂಜುಂಡ ಒಂದು ರೂಮು ಬುಟ್ಟುಕೊಡ್ತಾನೆ. ನೀನು ಹುಟ್ಟಿ ಬೆಳೆದ ಊರಲ್ವಾ?”

“ಹಬ್ಬ ಹುಣ್ಣಿಮೆಗೆ ಬರ್ತಾ ಇರ್ತೀರಲ್ಲ ಅಕ್ಕ,” ಎಂದಳು ಕಮಲ.

“ಬಂದ್ರೆ ಎಲ್ಲಿ ಮಲಗಲವ್ವ? ಬೀಗರ ಮಂಚ ಬರೆದಿದ್ದೀನಲ್ಲ, ಅದರ ಮೇಲಾ?”

ಪಕ್ಕದ ನಿಲ್ದಾಣಕ್ಕೆ ವಿಮಾನವೊಂದು ಹೆಂಚು ಅದುರಿಸಿಕೊಂಡು ಇಳಿದುಹೋಯಿತು. ಸದ್ದು ಅಡಗುವವರೆಗೂ ಸಾಕಮ್ಮ ಕಾದಳು.

“ಹೋಗ್ಲಿ, ಬಣ್ಣ ಯಾಕೆ ಕೇಳ್ದೆ ಕಮಲ?”

ಕಮಲ ಸೆರಗಿನ ಅಂಚು ತಿರುಚಿದಳು. “ನಿಮ್ಮ ರೂಮಿಗೆ ಅಂತ ನಾನೆಲ್ಲಿ ಅಂದೆ ಅಕ್ಕ? ಬಣ್ಣ ಚೆನ್ನಾಗೇ ಇತ್ತು. ಸಮನ್ವಿತಾ ಅವರೂ ಒಪ್ಪಿದ್ರು... ಊಟದ ಜಾಗಕ್ಕೆ.”

ಸಾಕಮ್ಮ ತಲೆಯಾಡಿಸಿದಳು. ಬೈದಿದ್ದರೆ ಮಹದೇವುವಿಗೆ ಹಗುರಾಗುತ್ತಿತ್ತೇನೋ. ಅವಳು ಬೈಯಲಿಲ್ಲ. ಎದ್ದು ಡಬ್ಬಿ ತೆಗೆದುಕೊಂಡು ಕೋಣೆಯೊಳಗೆ ಹೋದಳು. ಮಂಚವನ್ನು ತಾನೇ ಗೋಡೆಗೆ ಸರಿಸಿ ಜಾಗ ಮಾಡಿಕೊಂಡಳು. ರೇವಣಸಿದ್ದ ಅಳತೆ ಕೂಗುತ್ತ ಹೋದ, ಅವನ ದನಿ ಸಣ್ಣದಾಗಿತ್ತು. ಉದ್ದನೆಯ ಮೇಜು ಬರೆದಳು, ಆರೂ ಕುರ್ಚಿ ಬರೆದಳು. ಒಂದೂ ಹೆಚ್ಚುಕಮ್ಮಿಯಾಗಲಿಲ್ಲ.

ಇನ್ನು ಉಳಿದದ್ದು ಅಡುಗೆಮನೆ ಕಡೆಯ ಗೋಡೆ. ಎಲ್ಲಿಂದ ಎಲ್ಲಿಗೆ ಒಡೆಯಬೇಕೆಂದು ಕೆಮ್ಮಣ್ಣಿನಲ್ಲಿ ಗುರುತು ಹಾಕಬೇಕಿತ್ತು. ರೇವಣಸಿದ್ದ ಬಟ್ಟಲಲ್ಲಿ ಕಲಸಿಟ್ಟು ದೂರ ನಿಂತ.

“ನೀನೇ ಎಳೆದುಬಿಡು ರೇವಣ್ಣ,” ಎಂದ ಮಹದೇವು.

“ಇಲ್ಲ ಅಣ್ಣ. ಒಡೆಯೋ ಗೋಡೆಗೆ ಮನೆಯೋರೇ ಗೆರೆ ಎಳೀಬೇಕು. ನಮ್ಮಪ್ಪನ ಕಾಲದಿಂದ್ಲೂ ಹಂಗೇ. ನಾನು ಎಳೆಯಾಕಿಲ್ಲ.”

ಎಲ್ಲರ ಕಣ್ಣೂ ಸಾಕಮ್ಮನ ಕಡೆ ಹೊರಳಿದವು. ಅಭ್ಯಾಸಬಲ. ಅವಳು ಬಟ್ಟಲನ್ನೂ ಅದ್ದಿ ಎಳೆಯುವ ಬಟ್ಟೆಯ ಸಿಂಬಿಯನ್ನೂ ಎತ್ತಿಕೊಂಡು ತಮ್ಮನ ಕೈಗಿಟ್ಟಳು.

“ಮನೆಯೋರು ಎಳೀಬೇಕಂತೆ ಕಣೋ. ಎಳಿ.”

ಹೋಗಿ ತನ್ನ ಮಂಚದ ಮೇಲೆ ಕೂತಳು. ಮಹದೇವು ಸಿಂಬಿ ಅದ್ದಿ ಗೋಡೆಗಿಟ್ಟ. ಇಪ್ಪತ್ತೆರಡು ವರ್ಷದ ಹಿಂದೆ ಅವಳು ನೀರು ಕುಡಿಸಿದ್ದ ಗೋಡೆ. ಗೆರೆ ಮೇಲಕ್ಕೆ ಹೋಗುತ್ತ ವಾಲಿತು, ನಡುವೆ ತುಂಡಾಯಿತು, ಕೆಂಪು ನೀರು ಅವನ ಮೊಣಕೈಗೆ ಇಳಿಯಿತು. ಅವನು ಹಿಂತಿರುಗಿ ಅಕ್ಕನನ್ನು ನೋಡಿದ, ಚಿಕ್ಕಂದಿನಲ್ಲಿ ಸ್ಲೇಟು ಹಿಡಿದು ನೋಡುತ್ತಿದ್ದ ಹಾಗೆ.

“ಸೊಟ್ಟಗಾಯ್ತು ಮಾದೇವ,” ಎಂದಳು ಸಾಕಮ್ಮ. ತಿದ್ದಲು ಏಳಲಿಲ್ಲ.