ಬಿಳಿ ಚೀಟಿ, ನೀಲಿ ಚೀಟಿ

ಎವಾರಿಸ್ತ್ ಪೂಜೋಲ್ ಶಾಸನಸಭೆಯಲ್ಲಿ ಹದಿನಾಲ್ಕು ವರ್ಷ ಕೂತೆದ್ದವನು. ಒಂದು ದಿನವೂ ವೇದಿಕೆ ಹತ್ತಿ ಭಾಷಣ ಮಾಡಿದವನಲ್ಲ. ಬೆಟ್ಟದ ಸೀಮೆಯಲ್ಲಿ ದನದ ವೈದ್ಯನಾಗಿದ್ದ. ಹೊಟ್ಟೆಯಲ್ಲಿ ಅಡ್ಡ ನಿಂತ ಕರುವನ್ನು ತಿರುಗಿಸಿ ಎಳೆಯುವ ಆ ಕೈಗೇ ಜನ ಮತ ಹಾಕಿದ್ದರು. ಪ್ಯಾರಿಸ್ಸಿಗೆ ಬಂದ ಮೇಲೂ ಕೆಲಸಕ್ಕೆ ಬಂದದ್ದು ಆ ಕೈಯೇ. ಪಕ್ಷದವರ ಮತಚೀಟಿಗಳ ಪೆಟ್ಟಿಗೆ ಅವನ ಬಳಿ ಇರುತ್ತಿತ್ತು. ಒಬ್ಬೊಬ್ಬರ ಹೆಸರು ಅಚ್ಚಾದ ಚೀಟಿಗಳು, ಒಪ್ಪಿಗೆಗೆ ಬಿಳಿ, ವಿರೋಧಕ್ಕೆ ನೀಲಿ. ಸದಸ್ಯ ಊಟಕ್ಕೆ ಹೋಗಿರಲಿ, ಊರ ಮದುವೆಗೆ ಹೋಗಿರಲಿ, ಪೂಜೋಲ್ ಅವನ ಚೀಟಿ ಹಾಕಿದರೆ ಅವನೇ ಹಾಕಿದ ಹಾಗೆ.

ಆ ಮತದಿಂದ ಮಾರನೆಯ ದಿನ ತಲೆನೋವಾಗುವಂತಿದ್ದರೆ ಅದಕ್ಕೂ ಮದ್ದಿತ್ತು. 'ನನ್ನ ಚೀಟಿ ತಪ್ಪಾಗಿ ಬಿದ್ದಿದೆ' ಎಂದು ಸಭೆಯ ವರದಿಯಲ್ಲಿ ಒಂದು ಸಾಲು ಬರೆಸಿದರಾಯಿತು. ಎಣಿಕೆ ಬದಲಾಗುವುದಿಲ್ಲ, ಬರೆಸಿದವನ ಮಾನ ಉಳಿಯುತ್ತದೆ. ಹೋಗುವುದು ಪೆಟ್ಟಿಗೆ ಹಿಡಿದವನ ಮಾನ. ದೊಡ್ಡವರ ನ್ಯಾಯವೇ ಹೀಗೆ.

ಮೂವತ್ತನಾಲ್ಕರ ಫೆಬ್ರವರಿಯ ಆ ಮಂಗಳವಾರ ಸಂಜೆ ಸೇತುವೆಯ ಕಡೆಯಿಂದ ಗುಂಡಿನ ಸದ್ದು ಕೇಳಿತು. ಹಗರಣವೊಂದರಲ್ಲಿ ದೊಡ್ಡವರ ಹೆಸರು ಬಂದು ಬೀದಿ ಹೊತ್ತಿಕೊಂಡಿತ್ತು. 'ಕಳ್ಳರನ್ನ ನದಿಗೆ ಎಸೀರಿ' ಎಂಬ ಕೂಗು ಗೋಡೆ ದಾಟಿ ಒಳಗೆ ಬರುತ್ತಿತ್ತು. ಸರ್ಕಾರದ ಮೇಲಿನ ವಿಶ್ವಾಸಮತ ಇನ್ನೇನು ಶುರುವಾಗಬೇಕು, ಬೆಂಚುಗಳು ಒಂದೊಂದೇ ಖಾಲಿಯಾಗುತ್ತಿದ್ದವು.

ವಕೀಲ ಸಿಪ್ರಿಯಾಂ ದೆಲ್ಮಾ ಕೋಟು ಹಾಕಿಕೊಳ್ಳುತ್ತಲೇ ಬಂದ. ಪೂಜೋಲನನ್ನು ಪಕ್ಷಕ್ಕೆ ಕರೆತಂದವನು, ಅವನಿಗಾಗಿ ಹಳ್ಳಿ ಹಳ್ಳಿ ಸುತ್ತಿ ಗಂಟಲು ಹರಿದುಕೊಂಡವನು ಇವನೇ.

"ದನದ ಡಾಕ್ಟ್ರೇ, ನಾನು ಹಿಂದಿನ ಬಾಗ್ಲಿಂದ ಹೊರಟೆ. ನಂದು ಬಿಳಿ ಹಾಕು."

"ನೀವೇ ಇದ್ದು ಹಾಕಿ ಹೋಗ್ಬಾರ್ದಾ?"

"ಮತ್ತೆ ನೀನ್ಯಾಕಿರೋದು?" ದೆಲ್ಮಾ ನಗಲು ನೋಡಿದ, ಆಗಲಿಲ್ಲ. "ಸರ್ಕಾರ ಉಳೀಬೇಕು ಕಣಯ್ಯಾ. ನಾಳೆ ಯಾರಾದ್ರೂ ಹೆಸರು ಹಿಡ್ಕೊಂಡು ಮನೆಗೆ ಬಂದ್ರೆ, ನೀನು ತಪ್ಪು ಹಾಕ್ದೆ ಅಂತ ಒಂದು ಸಾಲು ಬರೆಸ್ತೀನಿ. ಬೇಜಾರು ಮಾಡ್ಕೋಬೇಡ."

"ನನ್ನ ಮನೆಗೆ ಬಂದ್ರೆ?"

"ನಿನ್ನ ಮುಖ ಯಾರಿಗೆ ಗೊತ್ತು ಮಾರಾಯ?"

ಅವನು ಹೋದ. ಅವನ ಹಿಂದೆ ಇನ್ನೂ ಹಲವರು ಕಿವಿಯಲ್ಲಿ 'ಬಿಳಿ, ಬಿಳಿ' ಎಂದು ಪಿಸುಗುಟ್ಟಿ ಜಾರಿಕೊಂಡರು.

ಕತ್ತಿನಲ್ಲಿ ಸರಪಳಿ ಹಾಕಿಕೊಂಡ ಸಭೆಯ ಸೇವಕ ಮತಪಾತ್ರೆ ಹಿಡಿದು ಬಂದ. ಪೂಜೋಲ್ ಹೋದವರ ಬಿಳಿ ಚೀಟಿಗಳನ್ನೆಲ್ಲ ಹಾಕಿದ. ದೆಲ್ಮಾನದೂ ಹಾಕಿದ. ಉಳಿದದ್ದು ಅವನದೇ. ಸರ್ಕಾರ ಉಳಿಯಬೇಕೆಂದು ಅವನೂ ಮನಸಾರೆ ಬಯಸಿದ್ದ. ಅಷ್ಟರಲ್ಲಿ ಹೊರಗೆ ಮತ್ತೆ ಗುಂಡು ಹಾರಿತು. ಇನ್ನೊಬ್ಬರ ತಪ್ಪು ತನ್ನ ಮೇಲೆ ಹೋಗುತ್ತದೆ, ತನ್ನದನ್ನು ಯಾರ ಮೇಲೆ ಹಾಕುವುದು? ಅವನು ನೀಲಿ ಚೀಟಿ ಎತ್ತಿ ಹಾಕಿಬಿಟ್ಟ. ಕೈ ತಪ್ಪಿರಲಿಲ್ಲ, ನೋಡಿಯೇ ಹಾಕಿದ್ದ.

ಸದಸ್ಯತ್ವದ ಬಿಲ್ಲೆಯನ್ನು ಕಾಲುಚೀಲದೊಳಗೆ ತುರುಕಿಕೊಂಡು ಹೊರಬಿದ್ದ. ನದಿಯ ಬಳಿ ಪೊಲೀಸರ ಕುದುರೆಯೊಂದು ನೆಲಕ್ಕೆ ಕುಸಿದಿತ್ತು. ಕೋಲಿನ ತುದಿಗೆ ಕ್ಷೌರದ ಕತ್ತಿ ಕಟ್ಟಿ ಯಾರೋ ಅದರ ಕಾಲು ಸೀಳಿದ್ದರು. ಪೂಜೋಲನಿಗೆ ದಾಟಿ ಹೋಗಲಾಗಲಿಲ್ಲ. ಮಂಡಿಯೂರಿ ಗಾಯವನ್ನು ಅಂಗೈಯಿಂದ ಒತ್ತಿ ಹಿಡಿದ.

"ಏಯ್, ಯಾರು ನೀನು?" ಕೋಟಿನ ತುಂಬ ಯುದ್ಧದ ಪದಕ ಸಿಕ್ಕಿಸಿಕೊಂಡವನೊಬ್ಬ ಗದರಿದ.

"ದನದ ಡಾಕ್ಟ್ರು."

"ಹಂಗಾದ್ರೆ ಸರಿ. ನಮ್ಗೆ ಕುದುರೆ ಮೇಲೆ ಸಿಟ್ಟಿಲ್ಲ."

ಅಷ್ಟರಲ್ಲಿ ಗುಂಪೊಂದು ಒಬ್ಬನನ್ನು ದರದರ ಎಳೆದುಕೊಂಡು ಬಂತು. ಟೊಪ್ಪಿಗೆ ಇರಲಿಲ್ಲ, ತುಟಿ ಒಡೆದಿತ್ತು. ದೆಲ್ಮಾ. ನದಿಯಂಚಿನ ಕಲ್ಲುಗೋಡೆಗೆ ಅವನ ಬೆನ್ನು ಬಾಗಿಸಿ ಹಿಡಿದರು. ಕೆಳಗೆ ನೀರು ಕಪ್ಪಗೆ ಹರಿಯುತ್ತಿತ್ತು.

"ಬಿಳಿ ಹಾಕ್ದವನು ತಾನೆ ನೀನು?"

"ನಾನು ಹಾಕ್ಲಿಲ್ಲಪ್ಪಾ. ನಾನು ಒಳಗೇ ಇರ್ಲಿಲ್ಲ. ನನ್ನ ಚೀಟಿ ಬೇರೆಯವನ ಹತ್ರ ಇರತ್ತೆ..."

"ಯಾರ ಹತ್ರ? ಹೆಸರು ಹೇಳು, ನಿನ್ನ ಬಿಟ್ಬಿಡ್ತೀವಿ."

ದೆಲ್ಮಾನ ಕಣ್ಣು ಅತ್ತಿತ್ತ ಹುಡುಕಿ ಕುದುರೆಯ ಬಳಿ ಬಂದು ನಿಂತಿತು. ಪೂಜೋಲನ ಬೆರಳ ಸಂದಿಯಿಂದ ಕುದುರೆಯ ರಕ್ತ ಬಿಸಿಯಾಗಿ ಇಳಿಯುತ್ತಿತ್ತು. ಕಾಲುಚೀಲದೊಳಗಿನ ಬಿಲ್ಲೆ ಒತ್ತುತ್ತಿತ್ತು. 'ಹೇಳಬೇಡಪ್ಪಾ, ಹೇಳಬೇಡ' ಎಂದು ಮನಸ್ಸಿನಲ್ಲೇ ಗೋಗರೆದ.

"ಅವನದೇನೂ ತಪ್ಪಿಲ್ಲ," ಎಂದ ದೆಲ್ಮಾ. "ಬಿಳಿ ಹಾಕು ಅಂತ ನಾನೇ ಹೇಳಿದ್ದು."

ಆಮೇಲೆ ಬಿದ್ದ ಒಂದೊಂದು ಏಟೂ ಪೂಜೋಲನಿಗೆ ಕೇಳಿಸಿತು. ಅವನು ತಲೆ ಎತ್ತಲಿಲ್ಲ, ಗಾಯ ಒತ್ತಿದ ಕೈ ತೆಗೆಯಲಿಲ್ಲ. ಪೊಲೀಸರ ಸೀಟಿ ಕೇಳಿ ಗುಂಪು ಚದುರುವ ಹೊತ್ತಿಗೆ ದೆಲ್ಮಾ ನೆಲದ ಮೇಲೆ ಬಿದ್ದಿದ್ದ.

ಮಾರನೆಯ ದಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಗೆದ್ದ ಮತವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಪೂಜೋಲ್ ಆಸ್ಪತ್ರೆಗೆ ಹೋದಾಗ ದೆಲ್ಮಾನ ಎರಡೂ ಕಣ್ಣು ಊದಿ ಮುಚ್ಚಿಕೊಂಡಿದ್ದವು.

"ದನದ ಡಾಕ್ಟ್ರಾ? ಕುದುರೆ ಬದುಕ್ತಾ?"

"ಬದುಕ್ತು."

"ಒಬ್ರಾದ್ರೂ ಬದುಕಿದ್ರಲ್ಲ." ನಗಲು ಹೋಗಿ ಪಕ್ಕೆ ಹಿಡಿದುಕೊಂಡ. "ಆ ಸಾಲು ನಾನು ಬರೆಸಲ್ಲ ಬಿಡು. ವರದಿ ತಂದಿದ್ಯಾ? ಬಿಳಿ ಹಾಕ್ದೋರ ಹೆಸರು ಓದು. ನಮ್ಜೊತೆ ಯಾರ್ಯಾರು ನಿಂತ್ರು ಕೇಳೋಣ."

ಪೂಜೋಲ್ ಹಾಳೆ ಬಿಡಿಸಿ ಅಕ್ಷರಕ್ರಮದಲ್ಲಿ ಒಂದೊಂದೇ ಹೆಸರು ಓದುತ್ತ ಹೋದ. ದೆಲ್ಮಾನ ಹೆಸರು ಬಂತು. ಇನ್ನೂ ಎಷ್ಟೋ ಹೆಸರು ಬಂದವು. 'ಪ' ಬಂತು.

"ಪೂಜೋಲ್," ಎಂದು ಓದಿದ, ಅಲ್ಲಿಲ್ಲದ ಹೆಸರನ್ನು.

ದೆಲ್ಮಾ ತಡಕಾಡಿ ಅವನ ಕೈ ಹಿಡಿದುಕೊಂಡ. "ನಂಗೊತ್ತಿತ್ತು ಕಣೋ. ಈ ಕೈ ಯಾವತ್ತೂ ತಪ್ಪಲ್ಲ."

ಹೊರಗಿನ ಓಣಿಯಲ್ಲಿ ಹೆಜ್ಜೆ ಸದ್ದಾಯಿತು. ಪಕ್ಷದ ಗೆಳೆಯರು ನೋಡಲು ಬರುತ್ತಿದ್ದರು, ಅವರ ಕೈಯಲ್ಲೂ ಅದೇ ವರದಿ ಇರುತ್ತದೆ. ಪೂಜೋಲ್ ಎದ್ದು ಹೊರಡಲು ನೋಡಿದ. ದೆಲ್ಮಾ ಕೈ ಬಿಡಲಿಲ್ಲ.