ಬಂದೂಕಿನ ಬಲಮಗ್ಗುಲು

ಪಿಕರಿಂಗ್‌ನ ಚಂದ್ರಕಾಂತರ ಮನೆಯ ಬಂದೂಕಿನ ಕಥೆ ಈಗ ಟೊರಾಂಟೊ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಹಲವು ರೂಪಗಳಲ್ಲಿ ಹರಿದಾಡುತ್ತಿದೆ. ಸ್ಕಾರ್‌ಬರೋದಲ್ಲಿ ಒಂದು ಸೀಮಂತದ ಊಟದ ಪಂಕ್ತಿಯಲ್ಲಿ ಕೇಳಿದ ರೂಪದ ಪ್ರಕಾರ, ಆಯುಧಪೂಜೆಗೆ ಇಟ್ಟ ಬಂದೂಕಿನ ಮರದಿಂದ ನೆತ್ತರು ಒಸರಿತು. ಇನ್ನೊಂದು ರೂಪದಲ್ಲಿ ಅದು ತಾನಾಗಿಯೇ ಹಾರಿ ಮನೆಯ ಚಾವಣಿ ತೂತಾಯಿತು. ಎರಡೂ ನಡೆದದ್ದಲ್ಲ. ಆ ದಿನ ಅದೇ ಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದ ಪದ್ಮಾ ಅವರು ಹೇಳಿದ್ದನ್ನೂ, ಅನಂತರ ಚಂದ್ರಕಾಂತರ ಹೆಂಡತಿ ವಾಸಂತಿಯವರು ಅದರಲ್ಲಿ ತಿದ್ದಿದ್ದನ್ನೂ ಸೇರಿಸಿ ಇಲ್ಲಿ ಕೊಟ್ಟಿದೆ. ಇಬ್ಬರ ಮಾತು ಹೊಂದದೆ ಇದ್ದ ಕಡೆ ವಾಸಂತಿಯವರದನ್ನೇ ಉಳಿಸಿಕೊಂಡಿದ್ದೇನೆ.

ಚಂದ್ರಕಾಂತರು ಮೈಸೂರಿನವರು, ಅಣುವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಅಮೆರಿಕದ ಸೈನ್ಯ ಬಳಸಿ ಬಿಟ್ಟ ಹಳೆಯ ರೈಫಲುಗಳನ್ನು ಸಂಗ್ರಹಿಸುವುದು ಅವರ ಹವ್ಯಾಸ. ಪರವಾನಗಿ, ಬೀಗ, ಉಕ್ಕಿನ ಬೀರು ಎಲ್ಲವೂ ಕ್ರಮವಾಗಿದ್ದವು. ಬೇಟೆಯ ಆಸೆ ಅವರಿಗಿರಲಿಲ್ಲ, ಗುರಿಯಿಟ್ಟು ಹೊಡೆಯುವ ಚಪಲವೂ ಇರಲಿಲ್ಲ. ಮರದ ಮೇಲೆ ಉಳಿದ ಗೀರು, ಮಚ್ಚೆ, ಸವೆತಗಳಿಂದ ಅದನ್ನು ಹಿಡಿದವನು ಎಂಥವನಿದ್ದ ಎಂದು ಊಹಿಸುವುದರಲ್ಲೇ ಅವರ ಸುಖ. ಮನೆಗೆ ಬಂದ ಗಂಡಸರನ್ನೆಲ್ಲ ಬೇಸ್‌ಮೆಂಟಿಗೆ ಕರೆದೊಯ್ದು, ಹಳೆಯ ಮರವನ್ನು ಎಂದೂ ತೊಳೆಯಬಾರದು, ಉಜ್ಜಬಾರದು, ಆ ಕೊಳೆಯೇ ಅದರ ಚರಿತ್ರೆ ಎಂದು ವಿವರಿಸುತ್ತಿದ್ದರು. ಹೆಂಗಸರು ಅಷ್ಟು ಹೊತ್ತೂ ಮೇಲೆ ಅಡುಗೆಮನೆಯಲ್ಲಿರುತ್ತಿದ್ದರು.

“ಏನ್ರೀ ಚಂದ್ರಕಾಂತ್, ಬಾರ್ಡರ್ ದಾಟಿ ಅಮೆರಿಕದ ಬಫಲೋ ಊರನ್ನ ಯಾವತ್ತು ಹಿಡೀತೀರಿ? ಅವರ ರೈಫಲೆಲ್ಲ ನಿಮ್ಮ ಬೇಸ್‌ಮೆಂಟಲ್ಲೇ ಇದೆಯಲ್ಲ!” ಎಂದು ಗೆಳೆಯರು ಕಿಚಾಯಿಸುವರು.

“ಬೇಗ ಹಿಡೀಲಿ ಬಿಡಿ,” ಎಂದು ವಾಸಂತಿ ಮೇಲಿನಿಂದಲೇ ಉತ್ತರಿಸುವರು. “ಹಾಗಾದ್ರೂ ಜಾಗ ಖಾಲಿ ಆಗತ್ತೆ. ದೊಡ್ಡ ಇಡ್ಲಿ ಪಾತ್ರೆ ಗರಾಜಲ್ಲಿ ಇಟ್ಟಿದೀನಿ ನಾನು.”

ವಾಸಂತಿಯವರ ಬಳಿಯೂ ಪರವಾನಗಿ ಇತ್ತು. ಮನೆಯಲ್ಲಿ ಇಬ್ಬರಿಗೂ ಇದ್ದರೆ ಅನುಕೂಲವೆಂದು ಗಂಡನೇ ಪರೀಕ್ಷೆ ಕಟ್ಟಿಸಿದ್ದರು. ಅದರಲ್ಲಿ ಗಂಡನಿಗಿಂತ ಹೆಚ್ಚು ಅಂಕ ಪಡೆದದ್ದನ್ನು ಆಕೆ ಎಲ್ಲರಿಗೂ ಹೇಳುತ್ತಿದ್ದರು. ಆದರೂ ಬಂದೂಕುಗಳ ವಿಷಯದಲ್ಲಿ ದಂಪತಿಗಳ ನಡುವೆ ಮಾತು ಕಡಿಮೆಯಾಗುತ್ತ ಬಂದಿತ್ತು. ಮೊದಮೊದಲು ಹೊಸದನ್ನು ತಂದಾಗ ಚಂದ್ರಕಾಂತರು ಉತ್ಸಾಹದಿಂದ ತೋರಿಸುವರು. ಆಕೆ ಒಲೆಯ ಕಡೆ ತಿರುಗಿಕೊಂಡೇ “ಹೂಂ” ಎನ್ನುವರು. ಕ್ರಮೇಣ ಅವರು ತೋರಿಸುವುದನ್ನು ಬಿಟ್ಟರು. ಉಳಿದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನದ ಜಗಳ ಮಾತ್ರ.

“ರೀ, ಕಾರಿಗೆ ಕುಂಕುಮ ಇಡ್ತೀನಿ, ಮಿಕ್ಸಿಗೆ ಇಡ್ತೀನಿ. ನಿಜವಾದ ಆಯುಧ ಮನೇಲಿಟ್ಕೊಂಡು ಬೀರು ಬಾಗಿಲಿಗೆ ಪೂಜೆ ಮಾಡ್ಬೇಕಾ?”

“ಅರಿಶಿನ ತಗಲಿದ್ರೆ ಸ್ಟೇನ್ ಆಗತ್ತೆ ಕಣೇ. ಬಾಗಿಲಿಗೇ ಇಡು, ಒಳಗಡೆ ಇರೋದಕ್ಕೂ ಮುಟ್ಟತ್ತೆ.”

ಮೂರ್ನಾಲ್ಕು ವರ್ಷಗಳ ಹಿಂದೆ ಚಂದ್ರಕಾಂತರ ಕೈಗೆ ಒಂದು ಗ್ಯಾರಂಡ್ ರೈಫಲ್ ಬಂತು. ಕೊರಿಯಾದ ಯುದ್ಧದಲ್ಲಿ ಅಮೆರಿಕದ ಸಿಪಾಯಿಗಳು ಹೊತ್ತದ್ದು ಇದನ್ನೇ. ಯುದ್ಧದ ಬಳಿಕ ಇಂಥ ಸಾವಿರಾರು ಬಂದೂಕುಗಳು ದಕ್ಷಿಣ ಕೊರಿಯಾದ ಸೈನ್ಯದಲ್ಲೇ ಉಳಿದು, ಎಷ್ಟೋ ದಶಕಗಳ ಮೇಲೆ ವ್ಯಾಪಾರಿಗಳ ಮೂಲಕ ಈ ಕಡೆಗೆ ಮರಳಿದವು. ಇದರ ಮರದ ಹಿಡಿಯ ಅಡಿಯಲ್ಲಿ ಯಾರೋ ಚಾಕುವಿನಿಂದ ‘ಇ. ರೀಸ್, ಆಸ್ವೀಗೊ’ ಎಂದು ಕೆತ್ತಿದ್ದರು. ಹೆಗಲಿಗೆ ಒತ್ತುವ ಭಾಗದ ಬಲಮಗ್ಗುಲಲ್ಲಿ ಅಂಗೈಯಗಲದ ಜಿಡ್ಡುಗಪ್ಪು ಮಚ್ಚೆಯಿತ್ತು. ಚಂದ್ರಕಾಂತರು ಅದನ್ನು ಕಂಡು ಬೆರಗಾದರು. ಬಲಗೈಯವನು ಗುರಿಯಿಡುವಾಗ ಅವನ ಕೆನ್ನೆ ಮರದ ಎಡಮಗ್ಗುಲಿಗೆ ಒರಗುತ್ತದೆ. ಬೆವರು ಇಳಿದು ಮರ ಕಪ್ಪಾಗುವುದು ಅಲ್ಲಿಯೇ. ಬಲಮಗ್ಗುಲು ಕಪ್ಪಾಗಿದ್ದರೆ ಅವನು ಎಡಗೈಯವನು.

ಆಸ್ವೀಗೊ ನ್ಯೂಯಾರ್ಕ್ ರಾಜ್ಯದಲ್ಲಿ, ಇದೇ ಒಂಟಾರಿಯೊ ಸರೋವರದ ಆಚೆ ದಡದಲ್ಲಿರುವ ಊರು. ಅಲ್ಲಿಯ ಹಳಬರನ್ನು ವಿಚಾರಿಸಿದಾಗ ಎಲ್ಡನ್ ರೀಸ್ ಎಂಬ ಹುಡುಗ ಕೊರಿಯಾಕ್ಕೆ ಹೋಗಿ ಕಾಣೆಯಾದನೆಂದು ತಿಳಿಯಿತು. ದೇಹ ಸಿಗಲಿಲ್ಲ, ಸಮಾಧಿಯಿಲ್ಲ. ತಂಗಿ ಮಾರ್ಜರಿ ಕೆನಡಾದವರನ್ನು ಮದುವೆಯಾಗಿ ಬಂದು, ಈಗ ನ್ಯೂಮಾರ್ಕೆಟ್‌ನ ಒಂದು ವೃದ್ಧಾಶ್ರಮದಲ್ಲಿದ್ದರು. ತೊಂಬತ್ತರ ಸಮೀಪದ ವಯಸ್ಸು. ಚಂದ್ರಕಾಂತರು ಫೋನಿನಲ್ಲಿ ಮಚ್ಚೆಯ ಸಂಗತಿ ಹೇಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: ಯಾವ ಮಗ್ಗುಲಲ್ಲಿ?

ಬಲಮಗ್ಗುಲಲ್ಲಿ ಎಂದರು ಇವರು.

ಆಮೇಲೆ ಮಾರ್ಜರಿ ಹೇಳಿದರು: ಎಡಗೈಯಲ್ಲಿ ಬರೆಯುತ್ತಾನೆಂದು ಅಪ್ಪ ಅವನನ್ನು ಚರ್ಮದ ಬಾರಿನಿಂದ ಹೊಡೆಯುತ್ತಿದ್ದರು. ಸಾಯುವ ಮೊದಲು ಒಂದು ಸಲ ಅವನ ಕೆನ್ನೆ ಇದ್ದ ಜಾಗದಲ್ಲಿ ನನ್ನ ಕೆನ್ನೆ ಇಡಬೇಕು. ಇಡಲು ಬಿಡುತ್ತೀರಾ?

ಚಂದ್ರಕಾಂತರು ಈ ಮಾತನ್ನು ತಮ್ಮಂತೆ ಬಂದೂಕು ಸಂಗ್ರಹಿಸುವ ಗೆಳೆಯರಿಗೆಲ್ಲ ಹೇಳಿದರು. ಹೇಳುವಾಗ ಒಮ್ಮೆ ಅತ್ತದ್ದೂ ಉಂಟು. ಹೆಂಡತಿಗೆ ಹೇಳಿದ್ದು ಇಷ್ಟೇ: “ಆ ಗನ್ನಿನ ಮೇಲೆ ಹೆಸರಿದೆಯಲ್ಲ, ಅವನ ತಂಗಿ ನೋಡೋಕೆ ಬರ್ತಾರೆ. ನವಮಿ ದಿನ. ಊಟಕ್ಕೂ ಇರ್ತಾರೆ.”

ಮಹಾನವಮಿಯ ಬೆಳಗ್ಗೆ ಅವರು ರೈಫಲನ್ನು ಮೇಲೆ ತಂದು, ಊಟದ ಮೇಜಿನ ಮೇಲೆ ಬಿಳಿಯ ಪಂಚೆ ಹಾಸಿ ಮಲಗಿಸಿದರು. “ನೋಡ್ಕೊಳ್ತಿರು, ಬಂದ್ಬಿಡ್ತೀವಿ,” ಎಂದು ಹೆಂಡತಿಗೆ ಹೇಳಿ ನ್ಯೂಮಾರ್ಕೆಟ್‌ಗೆ ಹೊರಟರು.

ವಾಸಂತಿಯವರು ಆ ಬಂದೂಕನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹೊಸ್ತಿಲು ಸಾರಿಸಿ, ದೇವರ ಪಾತ್ರೆ ಬೆಳಗಿ, ಹೂವು ಕಟ್ಟಿಟ್ಟು ಬಂದವರ ಕಣ್ಣಿಗೆ ಬಿದ್ದದ್ದು ಬಿಳಿಯ ಪಂಚೆಯ ಮೇಲಿನ ಆ ಜಿಡ್ಡು. ಸತ್ತ ಅಣ್ಣನ ವಸ್ತುವನ್ನು ನೋಡಲು ತಂಗಿ ಬರುತ್ತಿದ್ದಾಳೆ. ಅದೂ ಹಬ್ಬದ ದಿನ. ಆಕೆ ಸೀಗೆಪುಡಿಯನ್ನು ಬಿಸಿನೀರಿನಲ್ಲಿ ಕಲಸಿದರು. ಹುಣಸೆಹಣ್ಣು ಕಿವುಚಿದರು. ಕೆತ್ತಿದ ಹೆಸರಿಗೆ ಪೆಟ್ಟಾಗದಂತೆ ಮೆತ್ತನೆಯ ಬ್ರಷ್ಷು ಹಿಡಿದರು.

“ವಾಸಂತಿ ಅಕ್ಕಾ, ಅವರನ್ನ ಕೇಳಿದ್ರಾ?” ಎಂದು ಹೋಳಿಗೆ ತಟ್ಟಲು ನೆರವಿಗೆ ಬಂದಿದ್ದ ಪದ್ಮಾ ಒಲೆಯ ಮುಂದಿನಿಂದ ಎಚ್ಚರಿಸಿದರು.

“ಕೇಳಿದ್ರೆ ಬೇಡ ಅಂತಾರೆ. ಅರಿಶಿನ ತಗಲಿದ್ರೆ ತಾನೆ ಸ್ಟೇನು? ತೊಳೆದ್ರೆ ಏನಾಗತ್ತೆ? ಅಷ್ಟು ದೂರದಿಂದ ಬರೋ ಹೆಂಗಸಿಗೆ ಅಣ್ಣನ ಸಾಮಾನು ಜಿಡ್ಡಲ್ಲಿ ತೋರಿಸ್ತಾರಾ ಯಾರಾದ್ರೂ? ಥೂ, ಎಷ್ಟು ವರ್ಷದ್ದೋ, ಬಿಡೋದೇ ಇಲ್ಲ ಅನ್ನತ್ತೆ.”

ಬಿಟ್ಟಿತು. ಮರ ಜೇನಿನ ಬಣ್ಣಕ್ಕೆ ತಿರುಗಿತು. ಆಕೆ ಅದನ್ನು ಒರೆಸಿ, ದೀಪದ ಎಣ್ಣೆ ಸವರಿ, ಪಕ್ಕದಲ್ಲಿ ಒಂದು ಹಿಡಿ ಸೇವಂತಿಗೆ ಇಟ್ಟರು. ಚೆನ್ನಾಗಿ ಕಾಣುತ್ತಿತ್ತೆಂದು ಪದ್ಮಾ ಈಗಲೂ ಹೇಳುತ್ತಾರೆ.

ಗಾಲಿಯ ಊರುಗೋಲು ತಳ್ಳುತ್ತ ಮಾರ್ಜರಿ ಒಳಗೆ ಬಂದರು. ನೀಲಿ ಕೋಟು, ತುಟಿಗೆ ಬಣ್ಣ. ಮದುವೆಗೆ ಬಂದವರಂತೆ ಅಲಂಕರಿಸಿಕೊಂಡಿದ್ದರು. ಅವರ ಹಿಂದೆ ಬಂದ ಚಂದ್ರಕಾಂತರು ಮೇಜನ್ನು ನೋಡಿ ನಿಂತುಬಿಟ್ಟರು.

“ಏನು ಮಾಡಿದೆ?” ಎಂದು ಕನ್ನಡದಲ್ಲಿ, ಮೆಲ್ಲಗೆ ಕೇಳಿದರು.

“ತೊಳೆದೆ. ಯಾಕೆ?”

“ಅಲ್ಲಿದ್ದ ಕಪ್ಪು...”

“ಜಿಡ್ಡು ರೀ ಅದು.”

“ಅವನ ಕೆನ್ನೆ ಕಣೇ ಅದು. ಎಡಗೈಯೋನು. ಅವನ ಬೆವರು. ಅದನ್ನ ಮುಟ್ಟೋಕೇ ಬಂದಿರೋದು ಆಕೆ.”

“ನನಗ್ಯಾಕೆ ಹೇಳಲಿಲ್ಲ?” ಎಂದರು ವಾಸಂತಿ. “ಊರಿಗೆಲ್ಲ ಹೇಳಿದೀರಿ. ನನಗೊಬ್ಬಳಿಗೆ ಯಾಕೆ ಹೇಳಲಿಲ್ಲ?”

ಮಾರ್ಜರಿ ಆಗಲೇ ಕೋಟು ಬಿಚ್ಚಿ ಮೇಜಿನ ಕಡೆ ಕೈಚಾಚುತ್ತಿದ್ದರು. ಚಂದ್ರಕಾಂತರು ಧ್ವನಿ ಇನ್ನೂ ತಗ್ಗಿಸಿ, “ಸುಮ್ನಿರು. ಅವರಿಗೆ ಕಣ್ಣು ಅಷ್ಟು ಕಾಣಲ್ಲ. ಕೆನ್ನೆ ಇಟ್ಟು ಹೋಗ್ಲಿ ಪಾಪ. ಯಾರಿಗೆ ನಷ್ಟ?” ಎಂದರು.

ಆ ಮುದುಕಿ ಬೆರಳುಗಳಿಂದ ಮರವನ್ನು ತಡವಿ, ಹೆಸರಿನ ಗೀರುಗಳನ್ನು ಗುರುತಿಸಿ ನಕ್ಕರು. ಬಳಿಕ ಕನ್ನಡಕ ತೆಗೆದಿಟ್ಟು, ಬಲಮಗ್ಗುಲು ಯಾವುದೆಂದು ಕೇಳಿಕೊಂಡು ತಲೆ ಬಗ್ಗಿಸಿದರು. ಅಷ್ಟರಲ್ಲಿ ವಾಸಂತಿಯವರು ಅವರ ಭುಜ ಹಿಡಿದರು. ಬೇಡ, ಅದು ಈಗ ಅಲ್ಲಿಲ್ಲ, ನಾನು ಗೊತ್ತಿಲ್ಲದೆ ತೊಳೆದುಬಿಟ್ಟೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಮಾರ್ಜರಿಗೆ ಅರ್ಥವಾಗಲಿಲ್ಲ.

ಅರ್ಥವಾದ ಮೇಲೂ ಅವರು ಕೆನ್ನೆ ಇಟ್ಟರು. ಮರ ಇನ್ನೂ ಒದ್ದೆಯಾಗಿತ್ತು, ಎಳ್ಳೆಣ್ಣೆಯ ವಾಸನೆ. ಸ್ವಲ್ಪ ಹೊತ್ತಿಗೆ ತಲೆ ಎತ್ತಿ, ಇಲ್ಲ, ಅವನಿಲ್ಲ ಎಂದರು. ಕೋಪದ ಮಾತಲ್ಲ ಅದು. ಮನೆಯಲ್ಲಿ ಒಬ್ಬರನ್ನು ಹುಡುಕಿ ಬಂದು ಹೇಳಿದ ಹಾಗಿತ್ತು ಎನ್ನುತ್ತಾರೆ ಪದ್ಮಾ.

ಚಂದ್ರಕಾಂತರು ಕ್ಷಮೆ ಕೇಳತೊಡಗಿದರು, ರೈಫಲನ್ನೇ ಅವರಿಗೆ ಕೊಡುವ ಮಾತಾಡಿದರು. ಮಾರ್ಜರಿ ಅದನ್ನು ಕೇಳಿಸಿಕೊಳ್ಳಲಿಲ್ಲ. ವಾಸಂತಿಯವರ ಕಡೆ ತಿರುಗಿ, ಸುಲಭವಾಗಿ ಹೋಯಿತೇ ಎಂದರು.

ಇಲ್ಲ, ತುಂಬ ಉಜ್ಜಬೇಕಾಯಿತು.

ನೀರು ಯಾವ ಬಣ್ಣಕ್ಕಿತ್ತು?

ಕಾಫಿಯ ಬಣ್ಣಕ್ಕೆ.

ಆ ನೀರನ್ನು ಏನು ಮಾಡಿದೆ?

ವಾಸಂತಿಯವರ ಕಣ್ಣಲ್ಲಿ ನೀರು ಬಂದದ್ದು ಆಗ. ಪೂಜೆಯ ವಸ್ತು ತೊಳೆದ ನೀರನ್ನು ನಾವು ಮೋರಿಗೆ ಸುರಿಯುವುದಿಲ್ಲ, ಯಾರೂ ತುಳಿಯಬಾರದೆಂದು ಗಿಡದ ಬುಡಕ್ಕೆ ಹಾಕುತ್ತೇವೆ, ಹಿತ್ತಲಿನಲ್ಲಿ ಹಾಕಿದ್ದೇನೆ ಎಂದರು.

ಮಾರ್ಜರಿ ಕೋಟು ತೊಟ್ಟುಕೊಂಡು, ಅಲ್ಲಿಗೆ ಕರೆದುಕೊಂಡು ಹೋಗು ಎಂದರು.

ಆಗತಾನೆ ಮಳೆ ಬಂದು ನಿಂತಿತ್ತು. ಹಿಂಬಾಗಿಲ ಮೆಟ್ಟಿಲ ಮೇಲೆ ಇಬ್ಬರೂ ನಿಂತರು. ಬೇಲಿಯುದ್ದಕ್ಕೂ ಗುಲಾಬಿ ಗಿಡಗಳು, ಎಲೆ ಉದುರತೊಡಗಿತ್ತು. ಅವಸರದಲ್ಲಿ ವಾಸಂತಿಯವರು ಬಕೆಟ್ಟನ್ನು ಒಂದೇ ಬುಡಕ್ಕೆ ಸುರಿದಿರಲಿಲ್ಲ. ಅಲ್ಲಿಷ್ಟು ಇಲ್ಲಿಷ್ಟು ಚೆಲ್ಲುತ್ತ ಹೋಗಿದ್ದರು.

ನಾನು ಎಲ್ಲಿ ಕಾಲಿಡಬಾರದು, ತೋರಿಸು ಎಂದರು ಮಾರ್ಜರಿ.

ವಾಸಂತಿಯವರು ನೋಡಿದರು. ಮಳೆಗೆ ನೆಲವೆಲ್ಲ ಒಂದೇ ಸಮನೆ ಒದ್ದೆಯಾಗಿತ್ತು. ಎತ್ತಿದ ಕೈ ಯಾವ ಕಡೆಗೂ ತಿರುಗಲಿಲ್ಲ. ಇಬ್ಬರಲ್ಲಿ ಯಾರೂ ಕೆಳಗಿಳಿಯಲಿಲ್ಲ. ಒಳಗಿನಿಂದ ಚಂದ್ರಕಾಂತರು ಚಳಿಯೆಂದು ಕರೆಯುತ್ತಿದ್ದರೂ ಆ ಇಬ್ಬರು ಹೆಂಗಸರು ಮೆಟ್ಟಿಲ ಮೇಲೆಯೇ ನಿಂತಿದ್ದರು.