ಸಾಧು ಮನುಷ್ಯ

ಪಾದ್ರಿಯ ಕನ್ನಡಕ ಮೂಗಿನ ತುದಿಗೆ ಜಾರಿದೆ, ಈಗ ಬೀಳುತ್ತದೆ, ಇಲ್ಲ, ಬೀಳಲಿಲ್ಲ — ಬಡಗಿ ಅದನ್ನೇ ನೋಡುತ್ತ ಕೂತಿದ್ದ, ಚರ್ಚಿನ ಪಕ್ಕದ ಈ ಕೋಣೆಯ ಮೇಜೂ ಅವನದೇ ಕೈಕೆಲಸ, ಒಂದು ಕಾಲು ಕೂದಲೆಳೆಯಷ್ಟು ಗಿಡ್ಡ, ಅದು ಅವನೊಬ್ಬನಿಗೇ ಗೊತ್ತು, ಇವನನ್ನು ಚರ್ಚಿನ ಸಭೆಗೆ ಹಿರಿಯನನ್ನಾಗಿ ಆರಿಸಬೇಕು, ಹಿರಿಯನಾಗುವವನು ಹೇಗಿರಬೇಕು ಅಂತ ಪಾದ್ರಿ ಹಾಳೆ ನೋಡಿಕೊಂಡು ಒಂದೊಂದೇ ಕೇಳುತ್ತಿದ್ದಾರೆ, ಕುಡಿತ ಇಲ್ಲ ತಾನೇ, ಇಲ್ಲ, ಚಾಡಿ ಹೇಳೋದು, ಇಲ್ಲ, ಮುಂಗೋಪ, ಅಯ್ಯೋ ಇವನಿಗಾ ಅಯ್ಯನವರೇ, ಅಂತ ದರ್ಜಿ ನಕ್ಕ, ಇಪ್ಪತ್ತು ವರ್ಷದಿಂದ ಹಿರಿಯನಾಗಿರುವ ದರ್ಜಿ, ಹೆಬ್ಬೆರಳಿನ ಮೇಲೆ ಸುತ್ತಿಗೆ ಬಿದ್ರೂ ಅಮ್ಮಾ ಅನ್ನದ ಸಾಧು ಮನುಷ್ಯ, ಮೌನ ಅಂದ್ರೆ ತಾಳ್ಮೆ ಅಲ್ವಾ, ಇರಬಹುದು, ಅಂದುಕೊಂಡ ಬಡಗಿ, ಒಳಗೆ ಏನೂ ಅಲುಗಲಿಲ್ಲ, ನಾಲ್ಕು ವರ್ಷದ ಹಿಂದೆ ಅಪ್ಪನ ಉಳಿಯನ್ನು ಹೆಂಡತಿ ತನ್ನ ತಮ್ಮನಿಗೆ ಕೊಟ್ಟಳು, ಅದು ಬಾಯಿ ಮುರಿದುಕೊಂಡು ವಾಪಸ್ ಬಂತು, ಎರಡು ದಿನ ಮಾತು ಬಿಡೋಣ ಅಂತಿದ್ದ, ಎರಡು ಹತ್ತಾಯಿತು, ಹತ್ತು ಎಷ್ಟೋ ಆಯಿತು, ಆಮೇಲೆ ಅಂಟು ಒಣಗಿದ ಹಾಗೆ, ಬಿಡಿಸಲು ಹೋದರೆ ಮರವೇ ಸೀಳುತ್ತದೆ, ಮಾತೇನಿದ್ದರೂ ಮಗಳ ಮೂಲಕ, ನಿಮ್ಮಮ್ಮನಿಗೆ ಹೇಳು ಉಪ್ಪು ಕಮ್ಮಿ ಅಂತ, ಮಗಳು ಮದುವೆಯಾಗಿ ಹೋದ ಮೇಲೆ ಅದೂ ಇಲ್ಲ, ಊಟಕ್ಕಿಟ್ಟು ಅವಳು ತೋರುಬೆರಳು ಮಡಚಿ ಬಾಗಿಲ ಚೌಕಟ್ಟಿಗೆ ಎರಡು ಸಲ ತಟ್ಟುತ್ತಾಳೆ, ಟಕ್ ಟಕ್, ಅಷ್ಟೇ, ಇವನು ಕೈ ತೊಳೆಯಲು ಏಳುತ್ತಾನೆ — ಮನೆಯವರನ್ನೂ ಒಂದು ಮಾತು ಕೇಳಬೇಕಲ್ಲ, ಅಂದರು ಪಾದ್ರಿ, ಅವಳು ಮೊಳದಷ್ಟು ದೂರದ ಕುರ್ಚಿಯಲ್ಲೇ ಇದ್ದಳು, ತೊಡೆಯ ಮೇಲೆ ಕೈಚೀಲ, ಏನಮ್ಮಾ, ಮನೇಲಿ ಹೇಗೆ ನಮ್ಮ ಬಡಗಿ, ಈಗ ಹೇಳುತ್ತಾಳೆ, ಹೇಳಲಿ, ಹೇಳಿದರೆ ಹಿರಿತನ ಇಲ್ಲಿಗೇ ಮುಗಿಯುತ್ತದೆ, ಈ ಮೌನವೂ ಮುಗಿಯುತ್ತದೆ, ನಾಲ್ಕು ವರ್ಷದಲ್ಲಿ ನನಗೆ ಒಂದು ಗಡಸು ಮಾತೂ ಆಡಿಲ್ಲ ಅಯ್ಯನವರೇ, ಅಂದಳು ಅವಳು, ಸುಳ್ಳಲ್ಲ, ಒಂದಕ್ಷರ ಸುಳ್ಳಲ್ಲ, ದರ್ಜಿ ತೊಡೆ ತಟ್ಟಿಕೊಂಡ, ಕೇಳಿದ್ರಾ, ನಮ್ಮನೆಯವಳು ನನ್ನ ಬಗ್ಗೆ ಹೀಗಂದ ದಿನ ಲೋಕ ಮುಳುಗುತ್ತೆ — ಪಾದ್ರಿ ಹಾಳೆಯನ್ನು ಬಡಗಿಯ ಕಡೆ ತಿರುಗಿಸಿದರು, ನಿಮಗೆ ಒಪ್ಪಿಗೆನಾ, ಒಪ್ಪಿಗೆ ಅನ್ನಬೇಕು, ಇಲ್ಲ, ನಾನು ಅಂಥವನಲ್ಲ ಅನ್ನಬೇಕು, ಇವರೆಲ್ಲರ ಎದುರಿಗೆ ಅವಳ ಕಡೆ ತಿರುಗಿ ಒಂದೇ ಒಂದು ಮಾತು, ನಾಲಿಗೆ ಎದ್ದಿತು, ಕತ್ತು ತಿರುಗಲಿಲ್ಲ, ಕಣ್ಣು ಪಾದ್ರಿಯ ಮೇಲೆಯೇ ಇತ್ತು, ಅವಳಿಗೆ ಹೇಳಿ ಅಯ್ಯನವರೇ, ತಪ್ಪಾಯ್ತು ಅಂತ — ದರ್ಜಿಯ ನಗು ಅರ್ಧಕ್ಕೇ ನಿಂತಿತು, ಪಾದ್ರಿ ಅವಳನ್ನು ನೋಡಿದರು, ಇವನನ್ನು ನೋಡಿದರು, ನಡುವಿನ ಮೊಳದಷ್ಟು ಜಾಗವನ್ನು ನೋಡಿದರು, ಬಡಗಿಯ ಕಣ್ಣಂಚಿಗೆ ಅವಳ ಕೈ ಮಾತ್ರ ಕಂಡಿತು, ಕೈಚೀಲ ಬಿಟ್ಟು ಮೇಜಿನ ಕಡೆ ಬಂದ ಕೈ, ಮಡಚಿದ ಬೆರಳು, ಮೇಜಿಗಿಂತ ಒಂದಿಂಚು ಮೇಲೆ, ತಟ್ಟಲಿಲ್ಲ, ಇಳಿಯಲೂ ಇಲ್ಲ, ಮಡಚಿದ ಬೆರಳು, ಒಂದಿಂಚು ಮೇಲೆ, ಮಡಚಿದ ಬೆರಳು